ಕಂಬ ದಾಟಿದವರನ್ನು ಎಣಿಸುತ್ತಿದ್ದ ಮೇಡಂ

ನಾನು ಎಲ್ಲರನ್ನೂ ಅಣಕಿಸುತ್ತೇನೆ. ಇದು ಹೆಮ್ಮೆಯ ಮಾತಲ್ಲ, ಕಾಯಿಲೆಯ ವಿವರ. ಕೊಪ್ಪದಲ್ಲಿ ನಾನು ಕೆಲಸ ಮಾಡುವ ಶೆಡ್ಡಿನ ಯಜಮಾನರು ಗಿರಾಕಿಯ ಫೋನ್ ಎತ್ತುವ ಮೊದಲು ಮೂರು ಸಲ ಕೆಮ್ಮುತ್ತಾರೆ. ಆ ಮೂರನೆಯ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತೇನೆ. ಶೃಂಗೇರಿ ಬಸ್ಸಿನ ಕಂಡಕ್ಟರು, ಟಿವಿಯಲ್ಲಿ ಮಳೆಯ ವರದಿ ಓದುವ ಹೆಂಗಸು, ನಮ್ಮ ಮನೆಯ ಕುಕ್ಕರ್, ಯಾರನ್ನೂ ಬಿಟ್ಟಿಲ್ಲ. ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸಲೂ ನೋಡಿದ್ದೇನೆ. ಮೂಗು ಸರಿಯಾಗಿ ಬರುತ್ತದೆ, ದನಿ ಬರುವುದಿಲ್ಲ.

ಅಣಕಿಸಿಕೊಂಡವರಲ್ಲಿ ಸಾಮಾನ್ಯವಾಗಿ ಎರಡು ಬಗೆ. ನಕ್ಕುಬಿಡುವವರು, ಚಪ್ಪಲಿ ಹುಡುಕುವವರು. ಮೇಡಂ ಮೂರನೆಯ ಬಗೆ. ಅವರು ತಿದ್ದುತ್ತಿದ್ದರು.

ಶೆಡ್ಡಿನಲ್ಲಿ ವೆಲ್ಡಿಂಗ್ ಹುಡುಗರ ಮುಂದೆ ನಾನು ಮೇಡಂ ಆಗಿ ನಿಂತಿದ್ದೆ. ಕನ್ನಡಕ ತೆಗೆದು, ಸೆರಗಿನ ಬದಲು ಎಣ್ಣೆಬಟ್ಟೆಯಲ್ಲಿ ಒರೆಸಿ, "ಹ್ಞಾಂ, ಎಲ್ಲಿ ಹೋಯ್ತು ಅದು?" ಎಂದೆ. ಯಾರೂ ನಗಲಿಲ್ಲ. ಹಿಂದೆ ತಿರುಗಿದರೆ ಅವರೇ ನಿಂತಿದ್ದಾರೆ. ಹತ್ತಿಸೀರೆ, ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಜೋಳಿಗೆಯಂಥ ಚೀಲ.

"ಹ್ಞಾಂ ಅನ್ನೋದು ಮೊದಲು, ಕನ್ನಡಕ ತೆಗೆಯೋದು ಆಮೇಲೆ. ನೀನು ಉಲ್ಟಾ ಮಾಡ್ದೆ. ಇನ್ನೊಂದ್ಸಲ ಮಾಡು ನೋಡಣ."

ಮಾಡಿದೆ.

"ಈಗ ಪರ್ವಾಗಿಲ್ಲ" ಎಂದು ಮೇಡಂ ಒಳಗೆ ಹೋದರು.

ಅವರು ನರಸಿಂಹರಾಜಪುರದವರು. ಪೇಟೆಬೀದಿಯಲ್ಲಿ ತಮ್ಮನ ಹಾರ್ಡ್‌ವೇರ್ ಅಂಗಡಿ. ಎಲ್ಲೋ ದೂರದ ಇಂಜಿನಿಯರಿಂಗ್ ಕಾಲೇಜಿನಲ್ಲಿ ನೀರು, ಗಾಳಿ ಹರಿಯುವ ಲೆಕ್ಕವನ್ನು ವರ್ಷಗಟ್ಟಲೆ ಪಾಠ ಮಾಡಿ, ನಿವೃತ್ತರಾಗಿ ಊರಿಗೆ ಬಂದವರು. ಆ ತಮ್ಮ ಅವರಿಗೆ ಅಂಗಡಿಯ ಅಟ್ಟವನ್ನು ಬಿಟ್ಟುಕೊಟ್ಟಿದ್ದರು. ಪಿವಿಸಿ ಪೈಪು, ಬಣ್ಣದ ಡಬ್ಬ, ಕೋಳಿಬಲೆಯ ಸುರುಳಿಗಳ ನಡುವೆ ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಯ ತುಂಬ ಸಿಮೆಂಟ್ ಕಂಪನಿಯವರು ಕೊಟ್ಟ ಹಳೆಯ ದೇವರ ಕ್ಯಾಲೆಂಡರುಗಳು. ಕ್ಯಾಲೆಂಡರನ್ನು ತಿರುವಿ ಹಾಕಿ ಬಿಳಿಯ ಬೆನ್ನಿನ ಮೇಲೆ ಬರೆಯುತ್ತಿದ್ದರು. ಅವರ ಒಂದೊಂದು ಸಮೀಕರಣದ ಹಿಂದೆಯೂ ಒಬ್ಬೊಬ್ಬ ದೇವರು ಇರುತ್ತಿದ್ದ.

ಕೆಳಗೆ ಯಾರಾದರೂ ಮುಕ್ಕಾಲಿಂಚಿನ ಪೈಪು ಕೇಳಿದರೆ ಅಟ್ಟದಿಂದ ಪ್ರಶ್ನೆ ಬರುತ್ತಿತ್ತು. "ಎಷ್ಟು ಎತ್ತರದಿಂದ ನೀರು? ಎಷ್ಟು ನಲ್ಲಿ?" ಗಿರಾಕಿ ಗಾಬರಿಯಾಗಿ ಮೇಲೆ ನೋಡುತ್ತಿದ್ದ. ಗಲ್ಲಾದಲ್ಲಿ ಕೂತ ತಮ್ಮ, ವಿಭೂತಿ ಹಚ್ಚಿದ ಹಣೆಯನ್ನು ಒತ್ತಿಕೊಂಡು, "ಅಕ್ಕಾ, ಅವರಿಗೆ ಎಮ್ಮೆ ಮೈ ತೊಳೆಯೋಕಂತೆ" ಎಂದು ಕೂಗುತ್ತಿದ್ದರು. "ಎಮ್ಮೆ ಎಷ್ಟು?" ಎಂದು ಮೇಲಿನಿಂದ ಮತ್ತೆ ಪ್ರಶ್ನೆ.

"ಎಲ್ಲಿ ಹೋಯ್ತು?" ಎಂಬುದು ಅವರ ಮಂತ್ರ. ಡಬ್ಬದ ಸಕ್ಕರೆ ಕಡಿಮೆಯಾದರೂ ಅದೇ, ಬರಬೇಕಾದ ಬಸ್ಸು ಬರದಿದ್ದರೂ ಅದೇ. "ಎಲ್ಲೋ ಹೋಗಿರ್ತದೆ ಬಿಡಿ" ಎಂದವರು ಕೆಟ್ಟರು. "ಎಲ್ಲೋ ಅಂದ್ರೆ ಆಗಲ್ಲ ಮಾರಾಯ. ಬಂದಿದ್ದು ಇಲ್ಲೇ ಇರ್ಬೇಕು, ಇಲ್ಲಾ ಯಾವುದೋ ಬಾಗಿಲಿಂದ ಹೋಗಿರ್ಬೇಕು. ಯಾವ ಬಾಗಿಲು ಹೇಳು."

ನಮ್ಮ ಶೆಡ್ಡಿಗೆ ಅವರು ಕಾಲಿಟ್ಟದ್ದೂ ಈ ಮಂತ್ರದಿಂದಲೇ. ನಾವು ಮಾಡುವುದು ಡ್ರೈಯರ್. ಮೆಣಸು, ಏಲಕ್ಕಿ, ಕಾಫಿ ಒಣಗಿಸುವ ತಗಡಿನ ದೊಡ್ಡ ಬೀರು. ಕೆಳಗಿನಿಂದ ಫ್ಯಾನು ಬಿಸಿಗಾಳಿ ಊದುತ್ತದೆ, ಒಳಗೆ ಜಾಲರಿ ತಟ್ಟೆಗಳ ಸಾಲು, ನೆತ್ತಿಯಲ್ಲಿ ಗಾಳಿ ಹೊರಹೋಗುವ ಕೊಳವೆ. ತಮ್ಮನ ಅಂಗಡಿಯಲ್ಲಿ ಇಲ್ಲದ ಯಾವುದೋ ತಿರುಪು ಕೇಳಲು ಬಂದ ಮೇಡಂ ಬೀರುವಿನೊಳಗೆ ತಲೆ ಹಾಕಿ, "ಗಾಳಿ ಎಲ್ಲಿ ಹೋಗ್ತದೆ?" ಎಂದರು.

"ಮೇಲೆ ಹೋಗ್ತದೆ ಮೇಡಂ."

"ಎಲ್ಲಾನೂ?"

ಯಜಮಾನರು ಮೂರು ಸಲ ಕೆಮ್ಮಿ, "ಎಲ್ಲೋ ಹೋಗ್ತದೆ ಬಿಡಿ" ಎಂದರು.

ಮುಗಿಯಿತು. ಮರುವಾರದಿಂದ ಶನಿವಾರ, ಭಾನುವಾರ ಗಾಳಿಯ ಲೆಕ್ಕ ಕಲಿಯಲು ನಾನು ನರಸಿಂಹರಾಜಪುರದ ಅಟ್ಟದಲ್ಲಿದ್ದೆ. ನನ್ನನ್ನೇ ಯಾಕೆ ಕಳಿಸಿದರು ಎಂದರೆ, ಶೆಡ್ಡಿನಲ್ಲಿ ಇಂಜಿನಿಯರಿಂಗ್ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಎರಡು ಸಬ್ಜೆಕ್ಟ್ ಮೆಟ್ಟಿಲಲ್ಲೇ ಉಳಿದಿದ್ದವು. ಒಂದು ಇದೇ ಗಾಳಿಯ ಲೆಕ್ಕದ್ದು.

ಆ ವರ್ಷ ಬಸರೀಕಟ್ಟೆಯ ಹೆಂಗಸರ ಗುಂಪೊಂದು ನಮ್ಮಲ್ಲಿ ಡ್ರೈಯರ್ ಮಾಡಿಕೊಡಲು ಹೇಳಿತ್ತು. ಎಸ್ಟೇಟ್ ಕೆಲಸದವರು, ಹನ್ನೊಂದು ಜನ. ಬಿಡುವಿನಲ್ಲಿ ಹಲಸಿನಕಾಯಿ ಹಪ್ಪಳ ಮಾಡಿ ಶೃಂಗೇರಿಯ ಅಂಗಡಿಗಳಿಗೆ ಕೊಡುವುದು ಅವರ ಯೋಚನೆ. ಹಲಸಿನಕಾಯಿ ಬಲಿಯುವ ಹೊತ್ತಿಗೇ ಮಳೆ ಹಿಡಿಯುತ್ತದೆ, ಬಿಸಿಲನ್ನು ನಂಬಿದರೆ ಹಪ್ಪಳಕ್ಕೆ ಬೂಸಲು. ಡ್ರೈಯರ್ ಮಳೆಗೆ ಮೊದಲು ಸಿಕ್ಕರೆ ಆ ವರ್ಷದ ಹಪ್ಪಳ, ಇಲ್ಲವಾದರೆ ಮುಂದಿನ ವರ್ಷದ ಮಾತು. ಅದಾಗಲೇ ಅವರು ಅಂಗಡಿಗಳಿಗೆ ಮಾತು ಕೊಟ್ಟುಬಿಟ್ಟಿದ್ದರು.

ಮೇಡಂ ಕಲಿಸಿದ ಲೆಕ್ಕ ಹೀಗೆ. ಬೀರುವನ್ನು ಕಂಪ್ಯೂಟರಿನೊಳಗೆ ಸಾವಿರಾರು ಪುಟ್ಟ ಕೋಣೆಗಳಾಗಿ ಕತ್ತರಿಸಬೇಕು. ಪ್ರತಿ ಕೋಣೆಯಲ್ಲಿ ಗಾಳಿಯ ವೇಗ ಎಷ್ಟು ಎಂದು ಮೊದಲು ಊಹಿಸಬೇಕು. ಊಹೆ ಎಂದ ಮೇಲೆ ತಪ್ಪು ಇದ್ದೇ ಇರುತ್ತದೆ. ಒಂದು ಕೋಣೆಗೆ ಬಂದಷ್ಟು ಗಾಳಿ ಹೊರಗೆ ಹೋಗಿರುವುದಿಲ್ಲ, ಇನ್ನೊಂದರಿಂದ ಬಂದದ್ದಕ್ಕಿಂತ ಹೆಚ್ಚು ಹೋಗಿರುತ್ತದೆ. ಆಗ ಒತ್ತಡದ ಸಮೀಕರಣ ಬಿಡಿಸಬೇಕು. ಯಾವ ಕೋಣೆಯಲ್ಲಿ ಎಷ್ಟು ಒತ್ತಡವಿದ್ದರೆ ಬಂದದ್ದೂ ಹೋದದ್ದೂ ಸರಿಹೊಂದುತ್ತದೆ ಎಂದು ಅದು ಹೇಳುತ್ತದೆ. ಒತ್ತಡ ಸಿಕ್ಕ ಮೇಲೆ, ಕೋಣೆ ಕೋಣೆಗಳ ನಡುವಿನ ಗೋಡೆ ದಾಟುವ ಗಾಳಿಯನ್ನು ಅದರಿಂದ ತಿದ್ದಬೇಕು. ಗೋಡೆ ದಾಟುವ ಈ ಗಾಳಿಗೆ ಪುಸ್ತಕದಲ್ಲಿ ಫ್ಲಕ್ಸ್ ಎಂದು ಹೆಸರು. ಮೇಡಂ 'ದಾಟು' ಎನ್ನುತ್ತಿದ್ದರು. "ಒತ್ತಡದಿಂದ ದಾಟನ್ನ ತಿದ್ದು. ತಿದ್ದಿದ ದಾಟನ್ನ ಮುಟ್ಟಬೇಡ."

ನಾನು ಇದನ್ನು ಮೇಡಂ ದನಿಯಲ್ಲಿ, ಮೇಡಂ ಕೈಬೆರಳಿನಲ್ಲಿ, ಮೇಡಂ ಕನ್ನಡಕದಲ್ಲಿ ಶೆಡ್ಡಿನವರಿಗೆ ಹೇಳಿದೆ. ಚಪ್ಪಾಳೆ ಬಿತ್ತು. ಯಜಮಾನರು ಕೂಡ, "ಅರ್ಥ ಆಗ್ಲಿಲ್ಲ ಮಾರಾಯ, ಆದ್ರೆ ಒಳ್ಳೇ ಹೇಳ್ತೀಯ" ಎಂದರು. ನನಗೂ ಅರ್ಥವಾಗಿಲ್ಲ ಎಂದು ಅವರಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ, ಅದು ಹೆಚ್ಚಿನ ಅಪಾಯ.

ಆ ಲೆಕ್ಕದಂತೆ ನಾನು ಬರೆದ ಪ್ರೋಗ್ರಾಂ ಹಪ್ಪಳದ ಬೀರುವಿನ ಚಿತ್ರ ಕೊಟ್ಟಿತು. ಆಹಾ, ಏನು ಚಿತ್ರ! ಮೇಲಿನಿಂದ ಕೆಳಗಿನವರೆಗೆ ಕೆಂಪು, ಕಿತ್ತಳೆ. ಮೂಲೆ ಮೂಲೆಗೂ ಬಿಸಿಗಾಳಿ ಸುಳಿಯುತ್ತಿತ್ತು. ಅದನ್ನು ನಂಬಿ ತಗಡು ಕತ್ತರಿಸಿದೆವು, ಬೀರು ಕಟ್ಟಿದೆವು. ಬಸರೀಕಟ್ಟೆಯಿಂದ ಗುಂಪಿನ ಮುಖ್ಯಸ್ಥೆ ಹಪ್ಪಳ ಒತ್ತಿಸಿಕೊಂಡು ಜೀಪಿನಲ್ಲಿ ಬಂದರು. ಐವತ್ತು ದಾಟಿದ ಗಟ್ಟಿ ಹೆಂಗಸು, ಮಾತು ಅವರಿಗಿಂತ ಗಟ್ಟಿ. ಬೆಳಗ್ಗೆ ತಟ್ಟೆ ಜೋಡಿಸಿದರು, ಸಂಜೆ ಬಾಗಿಲು ತೆಗೆದರು. ಮೇಲಿನ ತಟ್ಟೆಗಳಲ್ಲಿ ಗರಿಗರಿ. ಕೆಳಗಿನ ಹಿಂಬದಿಯ ಮೂಲೆಯಲ್ಲಿ ಹಪ್ಪಳ ಒದ್ದೆ ಚಿಂದಿಯ ಹಾಗೆ ಮಲಗಿತ್ತು.

ಅವರು ಒಂದನ್ನು ಎತ್ತಿ ಶೆಡ್ಡಿನ ಕಂಪ್ಯೂಟರಿನಲ್ಲಿದ್ದ ಚಿತ್ರದ ಕೆಂಪು ಮೂಲೆಯ ಪಕ್ಕ ಹಿಡಿದರು. "ಎಂತ ತಮ್ಮಾ, ಇಲ್ಲಿ ಬೆಂಕಿ ಉರಿತಾ ಉಂಟು, ನಮ್ಮ ಹಪ್ಪಳಕ್ಕೆ ಮಾತ್ರ ಚಳಿಯಾ?"

ಯಜಮಾನರು, "ಇನ್ನೊಂದು ಫ್ಯಾನ್ ಹಾಕಿ ಬಿಡಣ" ಎಂದರು. ಆ ಗುಂಪಿನ ಮನೆಯ ವಿದ್ಯುತ್ತಿಗೆ ಒಂದು ಫ್ಯಾನೇ ಭಾರ. ಮುಖ್ಯಸ್ಥೆ ಆಕಾಶ ನೋಡಿ, "ಮಳೆಗೆ ಇನ್ನು ಹದಿನೈದು ದಿನ ಇದ್ರೆ ಹೆಚ್ಚು" ಎಂದು ಜೀಪು ಹತ್ತಿದರು. ನಾನು ಅವರ ಅಣಕು ಮಾಡಲಿಲ್ಲ. ಅಂಥ ದಿನಗಳು ನನ್ನ ಬಾಳಿನಲ್ಲಿ ಕಡಿಮೆ.

ಅಟ್ಟದಲ್ಲಿ ಮೇಡಂ ಚಿತ್ರದ ಕಡೆ ಕಣ್ಣೂ ಹಾಕಲಿಲ್ಲ. ಕೆಳಗಿನ ಮೂಲೆಯ ಒಂದು ಕೋಣೆ ಆರಿಸಿ, "ಇದಕ್ಕೆ ಬಂದ ಗಾಳಿ ಎಷ್ಟು, ಹೋದದ್ದು ಎಷ್ಟು, ಅಚ್ಚು ಹಾಕು" ಎಂದರು. ಹಾಕಿದೆ. ಬಂದದ್ದಕ್ಕಿಂತ ಹೋದದ್ದು ಹೆಚ್ಚಿತ್ತು.

"ಹ್ಞಾಂ." ಕನ್ನಡಕ ತೆಗೆದರು. "ನಿನ್ನ ಬೀರಲ್ಲಿ ಗಾಳಿ ಹುಟ್ತಾ ಉಂಟಲ್ಲೋ! ಬಾಣಂತನ ಯಾರು ಮಾಡ್ತಾರೆ?"

ನಾನೇನು ಮಾಡಿದ್ದೆ ಎಂದರೆ, ಒತ್ತಡ ಬಿಡಿಸಿದ್ದೆ, ಅದರಿಂದ ದಾಟನ್ನೂ ಕೋಣೆಗಳ ನಡುಮಧ್ಯದ ವೇಗವನ್ನೂ ತಿದ್ದಿದ್ದೆ. ಅಲ್ಲಿಯವರೆಗೆ ಮೇಡಂ ಹೇಳಿದಂತೆಯೇ. ಆಮೇಲೆ ನನ್ನ ಬುದ್ಧಿ ಓಡಿತು. ಹೊಸ ವೇಗ ಸಿಕ್ಕಿದೆಯಲ್ಲ, ಗೋಡೆ ದಾಟುವ ಗಾಳಿಯನ್ನೂ ಅದರಿಂದಲೇ ಹೊಸದಾಗಿ ಮಾಡೋಣ ಎಂದು ಆಚೀಚೆ ಕೋಣೆಗಳ ವೇಗದ ಸರಾಸರಿ ತೆಗೆದು ಗೋಡೆಗೆ ಅಂಟಿಸಿದ್ದೆ. ನನ್ನ ಪ್ರಕಾರ ಅದು ಇನ್ನಷ್ಟು ತಾಜಾ.

"ಯಾಕೆ ತಪ್ಪು ಹೇಳು" ಎಂದರು ಮೇಡಂ.

ನಾನು ಕನ್ನಡಕ ತೆಗೆಯುವ ನಟನೆ ಮಾಡಿ, ಅವರದೇ ದನಿಯಲ್ಲಿ, "ಒತ್ತಡದಿಂದ ದಾಟನ್ನ ತಿದ್ದು, ತಿದ್ದಿದ ದಾಟನ್ನ..." ಎಂದು ಶುರುಮಾಡಿದೆ.

"ಅದು ನಾನು ಹೇಳಿದ್ದು. ಚೆನ್ನಾಗೇ ಹೇಳ್ತೀಯ. ಈಗ ನೀನು ಹೇಳು."

ಬಾಯಿ ತೆರೆದೆ. ಯಜಮಾನರ ಕೆಮ್ಮು ಬಂತು. ಮತ್ತೆ ತೆರೆದೆ, ಮಳೆ ವರದಿಯ ಹೆಂಗಸು ಬಂದಳು. ನನ್ನೊಳಗೆ ಅಷ್ಟು ಜನ ಬಾಡಿಗೆಗಿದ್ದರು, ಮನೆಯವನೇ ಇರಲಿಲ್ಲ. ಮೇಡಂ ಚೀಲ ಹೆಗಲಿಗೇರಿಸಿ, "ನಾಳೆ ಕೊಪ್ಪದಲ್ಲಿ ಸಿಗು. ಶೃಂಗೇರಿ ಬಸ್ಸು. ಬೆಳಗ್ಗೆ ಒಂಬತ್ತರದ್ದು, ರಶ್ ಇರೋದು" ಎಂದರು.

ರಶ್ ಇರುವ ಬಸ್ಸನ್ನೇ ಆರಿಸಿ ಹತ್ತಿದವರನ್ನು ನಾನು ಬೇರೆ ಕಂಡಿಲ್ಲ. ಒಳಗೆ ನಿಂತವರು ಹಿಡಿದುಕೊಳ್ಳುವ ಎರಡು ಕಬ್ಬಿಣದ ಕಂಬಗಳನ್ನು ತೋರಿಸಿ ಮೇಡಂ ಬಸ್ಸನ್ನು ಮೂರು ಕೋಣೆ ಮಾಡಿದರು. ಮುಂದಿನದು, ನಡುವಿನದು, ಹಿಂದಿನದು. "ಹತ್ತಿದವರನ್ನು ಬಾಗಿಲಲ್ಲಿ ಇಬ್ಬರೂ ಎಣಿಸೋಣ. ಒಳಗೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಎಷ್ಟು ಜನ ಹೋದರು ಅನ್ನೋದನ್ನ ನಾನು ಕಂಬದ ಹತ್ರ ನಿಂತು ಎಣಿಸ್ತೀನಿ. ನೀನು ಕಂಬ ನೋಡ್ಬೇಡ. ಆಯಾ ಕೋಣೆಯ ಮಧ್ಯ ಜನ ಎಷ್ಟು ಜೋರಾಗಿ ಸರೀತಿದ್ದಾರೆ ನೋಡು, ಸರಾಸರಿ ತೆಗಿ, ಇಷ್ಟು ಜನ ದಾಟಿರ್ಬೇಕು ಅಂತ ಬರ್ಕೋ."

ಬಸ್ಸು ಹೊರಟಿತು. ಮುಂದಿನ ಬಾಗಿಲಲ್ಲಿ ಜನ ಬಳ್ಳಿಯಂತೆ ಜೋತುಬಿದ್ದಿದ್ದರು. ಕಂಡಕ್ಟರು, "ಹಿಂದೆ ಹೋಗ್ರೀ, ಹಿಂದೆ ಹೋಗ್ರೀ, ಹಿಂದೆ ಮದುವೆ ಮಂಟಪದಷ್ಟು ಜಾಗ ಉಂಟು!" ಎಂದು ಕೂಗಿದರು. ಮುಂದಿನವರು ನಡುವಿನವರನ್ನು, ನಡುವಿನವರು ಹಿಂದಿನವರನ್ನು ಒತ್ತಿದರು. ಒಬ್ಬರ ಬ್ಯಾಗು ನನ್ನ ಕಿವಿಗೆ ಸಿಕ್ಕಿಕೊಂಡಿತು. ನಾನು ಎಲ್ಲರ ವೇಗ ನೋಡಿ ನೋಡಿ ಬರೆದುಕೊಂಡೆ.

ಹರಿಹರಪುರದಲ್ಲಿ ಬಸ್ಸು ನಿಂತಾಗ ಲೆಕ್ಕ ಹೋಲಿಸಿದೆವು. ಮೇಡಂ ಲೆಕ್ಕದ ಮೂರೂ ಕೋಣೆಗಳಲ್ಲಿ ತಲೆ ಎಣಿಸಿದರೆ ಸರಿಯಾಗಿತ್ತು. ನನ್ನ ಲೆಕ್ಕದಲ್ಲಿ ಹಿಂದಿನ ಕೋಣೆಯಲ್ಲಿ ಐದು ಜನ ಹೆಚ್ಚು ಇದ್ದರು.

"ಅವರು ಯಾವ ಬಾಗಿಲಿಂದ ಬಂದ್ರು?" ಎಂದರು ಮೇಡಂ.

ನಮ್ಮನ್ನು ಅಷ್ಟು ಹೊತ್ತಿನಿಂದ ಅನುಮಾನದಿಂದ ನೋಡುತ್ತಿದ್ದ ಕಂಡಕ್ಟರು ಕೇಳಿಸಿಕೊಂಡು, "ಯಾವ ಐದು ಜನ? ಟಿಕೆಟ್ ಆಗಿದ್ಯಾ ಅವರದ್ದು?" ಎಂದು ಹಿಂದಕ್ಕೆ ನುಗ್ಗಿಯೇಬಿಟ್ಟರು. ಹುಟ್ಟದ ಐವರನ್ನು ಅವರು ಶೃಂಗೇರಿ ಬರುವವರೆಗೆ ಹುಡುಕಿದರು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಯಾತ್ರಿಕರ ಗುಂಪೊಂದು ದಾಟಲಿ ಎಂದು ಕಾಯುತ್ತ ನಿಂತಾಗ ಅದು ನನಗೆ ಹೊಳೆಯಿತು. ಯಾರ ದನಿಯಲ್ಲಿ ಹೇಳಲಿ ಎಂದು ಹುಡುಕುವಷ್ಟು ಪುರಸೊತ್ತೂ ಇರಲಿಲ್ಲ.

"ಮೇಡಂ, ಕಂಡಕ್ಟರ್ ಕೂಗಿದ್ದೇ ಒತ್ತಡ. ಅದು ಹುಟ್ಟಿದ್ದೇ ಕಂಬ ದಾಟೋರ ಲೆಕ್ಕ ಸರಿ ಮಾಡ್ಲಿಕ್ಕೆ. ಈ ಕಂಬ ಇಷ್ಟು ಜನ ದಾಟಿದ್ರೆ ಮೂರು ಕೋಣೆನೂ ಸರಿ ಆಗ್ತದೆ ಅಂತ ಸಮೀಕರಣ ಹೇಳಿ ಆಗಿದೆ. ಹಾಗಾಗಿ ತಿದ್ದೋದು ಕಂಬದ ಮೇಲೇ, ಅದೇ ಒತ್ತಡದ ವ್ಯತ್ಯಾಸದಿಂದಲೇ. ನಾನು ಅದನ್ನ ಬಿಟ್ಟು ಕೋಣೆ ಮಧ್ಯ ಇರೋರ ಹತ್ರ ಹೋಗಿ, ನೀವು ಎಷ್ಟು ಜೋರಿದ್ದೀರಿ, ಎಷ್ಟು ಜನ ದಾಟಿರ್ಬಹುದು ಅಂತ ಕೇಳ್ದೆ. ಅವರಿಗೆಂತ ಗೊತ್ತು! ಸರಿ ಇದ್ದ ಲೆಕ್ಕ ಅಳಿಸಿ ಅಂದಾಜು ಬರ್ದೆ."

ಮೇಡಂ ನನ್ನ ಕಡೆ ತಿರುಗಿದರು.

"ಇದು ಯಾರ ದನಿ?" ಎಂದರು.

"ಗೊತ್ತಿಲ್ಲ ಮೇಡಂ."

"ಸ್ವಲ್ಪ ಕೀರಲು. ಆದ್ರೆ ಇರ್ಲಿ, ಇದನ್ನೇ ಇಟ್ಕೋ." ಆಮೇಲೆ ನನಗೆ ಬನ್ಸ್ ಕೊಡಿಸಿದರು. ಬಂದದ್ದು ನಾಲ್ಕು, ಉಳಿದದ್ದು ಒಂದು. ಮಿಕ್ಕ ಮೂರು ಎಲ್ಲಿ ಹೋದವೆಂದು ಅವರು ಕೇಳಲಿಲ್ಲ.

ಪ್ರೋಗ್ರಾಮಿನಲ್ಲಿ ಅಳಿಸಬೇಕಾದದ್ದು ಒಂದೇ ಸಾಲು. ಅಳಿಸಿ ಓಡಿಸಿದೆ. ಚಿತ್ರ ಬಂತು. ಹಿಂದಿನ ಅಂದ ಚಂದ ಯಾವುದೂ ಇಲ್ಲ. ಕೆಳಗಿನ ಹಿಂಬದಿಯ ಮೂಲೆ ಕಡುನೀಲಿ, ಗಾಳಿ ಅಲ್ಲಿಗೆ ಇಣುಕಿಯೂ ನೋಡುತ್ತಿರಲಿಲ್ಲ. ಹಪ್ಪಳ ಒದ್ದೆಯಾಗಿದ್ದದ್ದು ಸರಿಯಾಗಿ ಅಲ್ಲಿಯೇ. ನಾನು ಅಟ್ಟದಲ್ಲಿ ಕುಣಿದೆ, ಪಿವಿಸಿ ಪೈಪುಗಳು ಉರುಳಿದವು. ಕೆಳಗಿನಿಂದ ತಮ್ಮ, "ಅಕ್ಕಾ, ಎಂತ ಬಿತ್ತು?" ಎಂದು ಕೂಗಿದರು. "ಏನೂ ಬಿದ್ದಿಲ್ಲ. ಇವನ ಕಂಪ್ಯೂಟರ್ ಹಪ್ಪಳದ ಮಾತು ಕೇಳ್ತು" ಎಂದರು ಮೇಡಂ.

ಕಾಯಿಲೆ ಕಂಡ ಮೇಲೆ ಮದ್ದು ಸುಲಭವಿತ್ತು. ಫ್ಯಾನಿನ ಬಾಯಿಯ ಎದುರು ಒಂದು ಓರೆ ತಗಡು ನಿಲ್ಲಿಸಿದರೆ ಗಾಳಿ ಒಡೆದು ಮೂಲೆಗೂ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಆರು ಸಲ ಓರೆ ಬದಲಾಯಿಸಿ ನೋಡಿ, ಶೆಡ್ಡಿನಲ್ಲಿ ಒಂದೇ ಸಲ ಬೆಸುಗೆ ಹಾಕಿದೆವು. ಯಜಮಾನರು ತಗಡಿನ ಸುತ್ತ ಒಂದು ಸುತ್ತು ಬಂದರು. "ಇಷ್ಟೇಯಾ? ಒಂದು ತುಂಡು ತಗಡಾ? ಇದಕ್ಕೆ ಶೃಂಗೇರಿಗೆ ಹೋಗಿ ಬರ್ಬೇಕಿತ್ತಾ ಮಾರಾಯ?"

ಬಸರೀಕಟ್ಟೆಗೆ ಬೀರುವಿನ ಜೊತೆ ಮೇಡಂ ಕೂಡ ಜೀಪಿನಲ್ಲಿ ಬಂದರು, ಬೀರುವಿನ ಕಾಲು ಹಿಡಿದುಕೊಂಡು. ಆಕಾಶ ಕಪ್ಪಾಗಿತ್ತು. ಹನ್ನೊಂದು ಜನ ಹೆಂಗಸರು ತಟ್ಟೆ ತುಂಬಿದರು. ಸಂಜೆ ಬಾಗಿಲು ತೆಗೆದಾಗ ಮುಖ್ಯಸ್ಥೆ ಬೇರೆ ಯಾವ ತಟ್ಟೆಯನ್ನೂ ನೋಡದೆ ನೇರ ಆ ಮೂಲೆಗೇ ಕೈ ಹಾಕಿದರು. ಹಪ್ಪಳ ಮುರಿದ ಸದ್ದು ನನಗೆ ಈಗಲೂ ಕೇಳುತ್ತದೆ. ಟಕ್. ಅದೊಂದು ಸದ್ದನ್ನು ಅಣಕಿಸಲು ನನಗೆ ಇವತ್ತಿಗೂ ಆಗಿಲ್ಲ.

"ಹಾಗಾದ್ರೆ ಆವತ್ತು ಎಂತ ಆಗಿತ್ತು?" ಎಂದು ಕೇಳಿದರು ಅವರು.

ನಾನು ತಪ್ಪಿಸಿಕೊಳ್ಳಲು ಹಳೆಯ ದಾರಿ ಹಿಡಿದೆ. "ಹ್ಞಾಂ" ಎಂದು ಮೇಡಂ ದನಿಯಲ್ಲಿ ಶುರುಮಾಡಿದೆ. ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಮೇಡಂ ಕನ್ನಡಕ ತೆಗೆದರು, ಅಷ್ಟೇ.

"ತಪ್ಪು ನಂದು" ಎಂದೆ, ನನ್ನ ಕೀರಲಿನಲ್ಲಿ. "ಮೇಡಂ ಹೇಳಿಕೊಟ್ಟದ್ದು ಸರಿ ಇತ್ತು. ನಂಗೆ ಅರ್ಥ ಆಗಿದೆ ಅಂತ ತಿಳ್ಕೊಂಡು ನಡುವೆ ಕೈ ಹಾಕ್ದೆ."

"ಓ, ಅಷ್ಟೇನಾ" ಎಂದರು ಮುಖ್ಯಸ್ಥೆ. "ನಮ್ಮ ಸೊಸೆಯೂ ಸಾರಿಗೆ ಹಾಗೇ ಮಾಡ್ತಾಳೆ." ಸೊಸೆ ಪಕ್ಕದಲ್ಲೇ ಇದ್ದಳು. ಎಲ್ಲರೂ ನಕ್ಕರು, ಅವಳು ಎಲ್ಲರಿಗಿಂತ ಜೋರಾಗಿ. ಮೂರನೆಯ ದಿನ ಮಳೆ ಹಿಡಿಯಿತು. ಅಷ್ಟರಲ್ಲಿ ಬೀರು ಎರಡು ಸಲ ತುಂಬಿ ಖಾಲಿಯಾಗಿತ್ತು.

ಅಂದಿನಿಂದ ಪ್ರತಿ ವರ್ಷ ಮೊದಲ ಹಪ್ಪಳದ ಕಟ್ಟು ನರಸಿಂಹರಾಜಪುರದ ಅಂಗಡಿಗೆ ಹೋಗುತ್ತದೆ, ಮೇಡಂ ಹೆಸರಿಗೆ. ಒಯ್ಯುವವನು ನಾನು. ಮೇಡಂ ಎಣಿಸುತ್ತಿದ್ದರು. "ಐವತ್ತು ಅಂತ ಬರೆದಿದೆ. ನಲವತ್ತೇಳಿದೆ. ಎಲ್ಲಿ ಹೋಯ್ತು?" ನಾನು ಹೊಟ್ಟೆ ತೋರಿಸುತ್ತಿದ್ದೆ. "ಹ್ಞಾಂ, ಲೆಕ್ಕ ಸಿಕ್ತು" ಎನ್ನುತ್ತಿದ್ದರು. ನಾನು ಬಾಕಿ ಉಳಿಸಿಕೊಂಡಿದ್ದ ಗಾಳಿಯ ಲೆಕ್ಕದ ಸಬ್ಜೆಕ್ಟ್ ಪಾಸಾದ ದಿನ ಮಾತ್ರ ಎಣಿಸಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ಬೆಳಗ್ಗೆ ಕಾಫಿ ಕುಡಿದು, ಅಟ್ಟ ಹತ್ತುವ ಮೊದಲು. ಹೆಚ್ಚು ನರಳಲಿಲ್ಲವಂತೆ.

ಈ ಸಲವೂ ಬಸರೀಕಟ್ಟೆಯ ಕಟ್ಟು ಬಂತು. ಮೇಲೆ ಅದೇ ಹೆಸರು. "ಅವರಿಲ್ಲ ಅಂತ ಗೊತ್ತುಂಟು ತಮ್ಮಾ. ಆದ್ರೂ ಮೊದಲ ಕಟ್ಟು ಬೇರೆಯವರಿಗೆ ಹೇಗೆ ಕೊಡೋದು?" ಎಂದರು ಮುಖ್ಯಸ್ಥೆ. ಒಯ್ದೆ. ಅಂಗಡಿಯಲ್ಲಿ ಮೇಡಂ ಅವರ ತಮ್ಮ ಒಬ್ಬ ಗಿರಾಕಿಗೆ ಮೊಳೆ ತೂಗುತ್ತಿದ್ದರು. "ಮೇಲೆ ಕ್ಯಾಲೆಂಡರ್ ರಾಶಿ ಉಂಟು, ನಿಂಗೆ ಬೇಕಾದ್ದು ತಗೋ" ಎಂದರು.

ಅಟ್ಟ ಹತ್ತಿದೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದ್ದರು. ರಾಶಿಯಲ್ಲಿ ನಮ್ಮ ಬೀರುವಿನ ಹಾಳೆ ಸಿಕ್ಕಿತು. ಒಂದು ಕಡೆ ಗಣಪತಿ, ಇನ್ನೊಂದು ಕಡೆ ಒತ್ತಡದ ಸಮೀಕರಣ. ಅದರ ಕೆಳಗೆ ಮೂರು ಚೌಕ, ಎರಡು ಕಂಬ, ಕಂಬದ ಮೇಲೆ ಬಾಣ. ನಿಂತಲ್ಲೇ ಗಟ್ಟಿಯಾಗಿ ಓದತೊಡಗಿದೆ. ಅವರ ಅಕ್ಷರ ಓದುತ್ತ ಓದುತ್ತ ಅವರ ದನಿ ತಾನಾಗಿ ಬಂತು, ನಾನು ಕರೆದಿರಲಿಲ್ಲ. "ಹ್ಞಾಂ, ಎಲ್ಲಿ ಹೋಯ್ತು ಅದು?"

ಕೆಳಗಿನಿಂದ ತಟ್ಟನೆ, "ಅಕ್ಕಾ, ಚಾ ತರ್ಲಾ?"

ಆಮೇಲೆ ತಕ್ಕಡಿಯ ಸದ್ದು ನಿಂತಿತು. ನನಗೆ ಬೇಕಿದ್ದರೆ ಅದೇ ದನಿಯಲ್ಲಿ 'ತಾ' ಎನ್ನಬಹುದಿತ್ತು. ಈ ಮೂರು ತಾಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಅದನ್ನು ಹೇಳುವವರು ಯಾರೂ ಇಲ್ಲ. ಕನ್ನಡಕ ಯಾವಾಗ ತೆಗೆಯಬೇಕು ಎಂದೂ ಗೊತ್ತು.

"ನಾನು ಅಣ್ಣಾ" ಎಂದೆ, ಕೀರಲು ದನಿಯಲ್ಲಿ. "ಚಾ ಬೇಕು. ಹಪ್ಪಳ ಇಲ್ಲೇ ಉಂಟು, ನಲವತ್ತೇಳು."

ತಕ್ಕಡಿಗೆ ಮತ್ತೆ ಮೊಳೆ ಸುರಿಯುತ್ತ, ಕೆಳಗಿನಿಂದ ಅವರು ಕೇಳಿದರು.

"ಮೂರು ಎಲ್ಲಿ ಹೋಯ್ತು?"